ಬಕೆಟ್ಟಿನಲ್ಲಿ ತೊಳೆದ ಹೆಸರುಗಳು

ಜೂನ್ 4

ಕಿರಿಯನಿಗೆ,

ನಿಮ್ಮಣ್ಣ ನಿನ್ನನ್ನು ಹೀಗೆಯೇ ಕರೆಯುತ್ತಿದ್ದರು, ಆದ್ದರಿಂದ ನಾನೂ ಹೀಗೆಯೇ ಬರೆಯುತ್ತೇನೆ. ಎಂಟು ವರ್ಷದಿಂದ ಈ ಮನೆಯಲ್ಲಿ ಯಾರೂ ಈ ಹೆಸರು ಎತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಮಾರ್ಚ್‌ನಲ್ಲಿ ತಿಳಿಸಿದ್ದೆ. ನೀನು ಎರಡು ಸಾಲು ಬರೆದು ಸುಮ್ಮನಾದೆ. ಅದನ್ನು ಕೆದಕಲು ಈ ಪತ್ರವಲ್ಲ. ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ, ಅದನ್ನು ಬಿಡಿಸಬಲ್ಲವನು ನೀನೊಬ್ಬನೇ.

ತಾರಸಿಯ ಮೇಲೆ ಅವರ ಗಿಡಗಳಿವೆ. ನರ್ಸರಿ ಹೋದ ಮೇಲೆ ಉಳಿದದ್ದನ್ನೆಲ್ಲ ಇಲ್ಲಿಗೇ ತಂದಿಟ್ಟಿದ್ದರು. ದಪ್ಪ ಎಲೆಯವು, ಮುಳ್ಳಿನವು, ಕಲ್ಲಿನಂಥವು; ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನ ಪಾಲಿಗೆ ಅವೆಲ್ಲ ಕಳ್ಳಿಯೇ. ಕುಂಡಕ್ಕೊಂದು ಲೇಬಲ್ಲು. ಬಿಳಿಯ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು. ಅವರಿದ್ದಾಗ ನನ್ನನ್ನು ಅವುಗಳ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಹೋದ ವಾರ ಮೇಲೆ ಹೋದೆ. ಲೇಬಲ್ಲುಗಳ ಮೇಲೆಲ್ಲ ಸುಣ್ಣದ ಕಲೆ, ಪಾಚಿ. ಒಂದರ ಮೇಲೆ ಹಕ್ಕಿ ಹೇತಿತ್ತು. ಅವರ ಕೈಬರಹದ ಮೇಲೆ ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಕಿತ್ತು ಬಕೆಟ್ಟಿಗೆ ಹಾಕಿದೆ. ಸೋಪಿನ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿ, ಬಿಸಿಲಿಗೆ ಹರವಿದೆ. ಪೆನ್ಸಿಲಿನ ಬರಹ ಒಂದಿಷ್ಟೂ ಅಳಿಸಲಿಲ್ಲ, ನಿನ್ನೆ ಬರೆದ ಹಾಗೆ ಕಂಡಿತು. ಆಮೇಲೆ ಮೊದಲನೆಯದನ್ನು ಕೈಗೆತ್ತಿಕೊಂಡು ಕುಂಡಗಳ ಕಡೆ ತಿರುಗಿದೆ ನೋಡು, ಆಗ ತಿಳಿಯಿತು.

ಹೆಸರುಗಳೆಲ್ಲ ಇವೆ, ಗಿಡಗಳೆಲ್ಲ ಇವೆ. ಯಾವುದು ಯಾವುದರದ್ದು ಎಂದು ಹೇಳುವವರು ಇಲ್ಲ. ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತೆ.

ಸಸ್ಯೋದ್ಯಾನದವರು ಇವನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ನಿಮ್ಮಣ್ಣನ ಹೆಸರಿನಲ್ಲಿ ಒಂದೇ ಕಡೆ ಇಡುತ್ತಾರಂತೆ. ಆದರೆ ಖಚಿತವಾಗಿ ಹೆಸರು ತಿಳಿದ ಗಿಡಗಳನ್ನು ಮಾತ್ರ. ಮನೆಯ ಮಾಲೀಕ ನವೆಂಬರ್ ಕೊನೆಗೆ ಮನೆ ಬಿಡಿ ಎಂದಿದ್ದಾನೆ. ನೀನು ಒಂದು ವಾರದ ಮಟ್ಟಿಗೆ ಬಂದು ಹೋದರೆ ಸಾಕು. ಬಾ.

ನಿನ್ನ ಅತ್ತಿಗೆ

&nbsp;

ಜೂನ್ 17

ಅತ್ತಿಗೆಯವರಿಗೆ,

ಪತ್ರ ತಲುಪಿತು. ಬರಲಾಗುವುದಿಲ್ಲ. ಬಂದರಿನ ತಪಾಸಣೆ ಕಚೇರಿಯಲ್ಲಿ ಪೆಟ್ಟಿಗೆ ಬಿಚ್ಚಿ ಗಿಡ ಗುರುತಿಸಬಲ್ಲವನು ನಾನೊಬ್ಬನೇ. ರಜೆ ಸಿಗುವುದಿಲ್ಲ.

ಒಂದೇ ಒಂದು ಲೇಬಲ್ಲನ್ನೂ ಅಂದಾಜಿನಿಂದ ಚುಚ್ಚಬೇಡಿ. ಹೆಸರಿಲ್ಲದ ಗಿಡವನ್ನು ಇವತ್ತಲ್ಲ ನಾಳೆ ಯಾರಾದರೂ ಗುರುತಿಸುತ್ತಾರೆ. ತಪ್ಪು ಹೆಸರಿರುವುದನ್ನು ಯಾರೂ ಮತ್ತೆ ನೋಡುವುದಿಲ್ಲ. ಅದರ ಮರಿಗಳೂ ಅದೇ ಹೆಸರು ಹೊತ್ತು ಮನೆಮನೆಗೆ ಹೋಗುತ್ತವೆ.

ಕುಂಡಗಳಿಗೆ ಬಣ್ಣದಿಂದ ಸಂಖ್ಯೆ ಹಾಕಿ. ಒಂದೊಂದನ್ನೂ ನೋಡಿ, ಕಂಡದ್ದನ್ನು ಬರೆದು ಕಳಿಸಿ. ಮುಳ್ಳಿದ್ದರೆ ಅದರ ಬುಡ ನೋಡಿ. ಹತ್ತಿಯಂಥ ಪುಟ್ಟ ಮೆತ್ತೆಯಿಂದ ಮುಳ್ಳುಗಳು ಗುಂಪಾಗಿ ಹೊರಟಿದ್ದರೆ ಅದು ಕ್ಯಾಕ್ಟಸ್. ಮೆತ್ತೆ ಇಲ್ಲದೆ ಜೋಡಿಜೋಡಿಯಾಗಿದ್ದರೆ ಸೂಜಿಯಿಂದ ಚುಚ್ಚಿ ನೋಡಿ, ಹಾಲು ಬಂದರೆ ಯೂಫೋರ್ಬಿಯಾ. ಎಲೆಯ ಅಂಚು ನುಣುಪೋ ಹಲ್ಲುಹಲ್ಲೋ, ಎಲೆಗಳು ಎದುರುಬದುರೋ ಸುತ್ತಲೋ, ಹೂದಂಟು ನಡುವಿನಿಂದ ಬರುತ್ತದೋ ಪಕ್ಕದಿಂದಲೋ, ಇಷ್ಟು ಸಾಕು. ಲೇಬಲ್ಲುಗಳ ಮೇಲಿರುವುದನ್ನೂ ನಕಲು ಮಾಡಿ ಕಳಿಸಿ. ಕೆಲವು ಹೂ ಬಿಡುವವರೆಗೆ ಕಾಯಬೇಕಾದೀತು.

ನಿಮ್ಮ ಮೈದುನ

&nbsp;

ಜುಲೈ 6

ಕಿರಿಯನಿಗೆ,

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಈಗ ಕಣ್ಣಾರೆ ತಿಳಿಯಿತು, ಏಕೆಂದರೆ ಕಣ್ಣಿಗೇ ಬಿತ್ತು. ಒಂಬತ್ತನೆಯ ಕುಂಡಕ್ಕೆ ಸೂಜಿ ಚುಚ್ಚಿದ್ದೇ ತಡ ಚಿಮ್ಮಿತು. ಕೆಳಗಿನ ಮನೆಯ ದರ್ಜಿ ನನ್ನ ಕೂಗು ಕೇಳಿ ಓಡಿಬಂದು, ಕಣ್ಣಿಗೆ ನೀರು ಹೊಯ್ದು, ವೈದ್ಯರ ಹತ್ತಿರ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನದು ಒಂದೇ ಮಾತು: "ಅಲ್ಲಮ್ಮಾ, ಗಿಡಕ್ಕೆ ಯಾಕೆ ಸೂಜಿ ಚುಚ್ಚೋಕೆ ಹೋದ್ರಿ? ಸೂಜಿ ಕೆಲಸ ನಂಗೆ ಬಿಡಿ." ಎರಡು ದಿನ ಕಣ್ಣು ಕಟ್ಟಿಕೊಂಡು ಮಲಗಿದ್ದೆ. ಈಗ ಪರವಾಗಿಲ್ಲ.

ಹನ್ನೊಂದನೆಯದು ಉಂಡೆ. ನೀನು ಹೇಳಿದ ಹತ್ತಿಯ ಮೆತ್ತೆಯೂ ಇದೆ, ಚುಚ್ಚಿದರೆ ಹಾಲೂ ಬರುತ್ತದೆ. ಈಗೇನು ಮಾಡಲಿ, ಪಂಡಿತರೇ? ಹದಿನಾಲ್ಕನೆಯದಕ್ಕೆ ಕಾಂಡವೂ ಇಲ್ಲ, ಮುಳ್ಳೂ ಇಲ್ಲ. ಆಡಿನ ಗೊರಸನ್ನು ಮಣ್ಣಿನಲ್ಲಿ ತಲೆಕೆಳಗಾಗಿ ಹೂತ ಹಾಗಿದೆ, ನಡುವೆ ಒಂದು ಸೀಳು. ಇಪ್ಪತ್ತೆರಡು ಹೂ ಬಿಟ್ಟಿದೆ. ಅದು ಹೂವೆಂದು ತಿಳಿಯದೆ ಇಡೀ ತಾರಸಿಯಲ್ಲಿ ಸತ್ತ ಇಲಿ ಹುಡುಕಿದೆ. ನೊಣಗಳೂ ಮೋಸಹೋಗಿ ಅದರ ಮೇಲೆ ಕೂತಿದ್ದವು. ನಲವತ್ತನೆಯದು ಸಣ್ಣ ಲೋಳೆಸರದಂತಿದೆ. ಅಂಗೈಯಗಲ, ಎಲೆಯ ಮೇಲೆ ಬಿಳಿಯ ಚುಕ್ಕೆಗಳು, ಮಕ್ಕಳು ಸೀಮೆಸುಣ್ಣದಿಂದ ಕುಟ್ಟಿದ ಹಾಗೆ. ಉಳಿದವನ್ನು ಬೇರೆ ಹಾಳೆಗಳಲ್ಲಿ ಬರೆದಿದ್ದೇನೆ, ಲೇಬಲ್ಲುಗಳ ನಕಲೂ ಇದೆ.

ನಿಮ್ಮಿಬ್ಬರನ್ನೂ ನೋಡಿ ನಿಮ್ಮಪ್ಪ "ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ" ಎನ್ನುತ್ತಿದ್ದರು. ಅದು ನೆನಪಾಗಿ ತಾರಸಿಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಅಳು ಬಂತು.

ಒಂದು ಮಾತು ಕೇಳಲೇ? ಅವರು ಹಾಸಿಗೆ ಹಿಡಿದಾಗ ನಿನಗೆ ಎರಡು ಸಲ ಬರೆದಿದ್ದೆ. ಆಗಲೂ ರಜೆ ಇರಲಿಲ್ಲವೇ?

ನಿನ್ನ ಅತ್ತಿಗೆ

&nbsp;

ಜುಲೈ 24

ಅತ್ತಿಗೆಗೆ,

ಚುಚ್ಚುವಾಗ ಮುಖ ದೂರ ಇಡಿ ಎಂದು ನಾನು ಮೊದಲೇ ಬರೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದವನಿಗೆ ಅದು ಹೇಳಬೇಕಾದ ಮಾತು ಎನಿಸಲೇ ಇಲ್ಲ. ಕಣ್ಣು ಮಂಜಾದರೆ ಅಸಡ್ಡೆ ಮಾಡಬೇಡಿ.

ಹನ್ನೊಂದನೆಯದು ಮ್ಯಾಮಿಲೇರಿಯಾ. ಆ ಕುಲದ ಕೆಲವು ಕ್ಯಾಕ್ಟಸ್‌ಗಳಲ್ಲೂ ಹಾಲಿರುತ್ತದೆ. ನನ್ನ ಸೂತ್ರವೇ ಮೊಟಕಾಗಿತ್ತು. ಹದಿನಾಲ್ಕು ಲಿಥಾಪ್ಸ್. ಸೀಳಿನಿಂದ ಹೊಸ ಎಲೆಗಳು ಇಣುಕುತ್ತಿದ್ದರೆ ನೀರು ಹಾಕಬೇಡಿ. ಹಳೆಯ ಜೋಡಿಯ ನೀರನ್ನು ಕುಡಿದೇ ಹೊಸ ಜೋಡಿ ಬೆಳೆಯಬೇಕು. ನೀವು ಕನಿಕರಪಟ್ಟು ನೀರು ಕೊಟ್ಟರೆ ಎರಡೂ ಕೊಳೆಯುತ್ತವೆ. ಇಪ್ಪತ್ತೆರಡು ಸ್ಟಪೀಲಿಯಾ. ಮಿಕ್ಕವುಗಳ ಹೆಸರನ್ನು ನಿಮ್ಮ ಹಾಳೆಗಳ ಅಂಚಿನಲ್ಲೇ ಬರೆದಿದ್ದೇನೆ. ಸಾನ್ಸೆವೇರಿಯಾಗಳಿಗೆ ಪುಸ್ತಕದವರು ಈಚೆಗೆ ಕುಲವನ್ನೇ ಬದಲಿಸಿದ್ದಾರೆ. ಹೊಸ ಹೆಸರನ್ನು ಲೇಬಲ್ಲಿನ ಹಿಂಬದಿಗೆ ಬರೆಯಿರಿ, ಅಣ್ಣನ ಬರಹ ಹಾಗೆಯೇ ಇರಲಿ.

ನಲವತ್ತನೆಯದರ ಬಗ್ಗೆ ಇನ್ನಷ್ಟು ಬೇಕು. ಅದು ಗುಡ್ಡದ್ದಿರಬಹುದು. ಅಣ್ಣನೂ ನಾನೂ ಹುಡುಗರಾಗಿದ್ದಾಗ ಕಂಡುಹಿಡಿದ ಸಣ್ಣ ಲೋಳೆಸರ ಅದು. ಆ ಒಂದು ಗುಡ್ಡದ ನೆತ್ತಿಯ ಬಂಡೆ ಬಿರುಕುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಈಗ ಗುಡ್ಡವೂ ಇಲ್ಲ, ಜಲ್ಲಿಯಾಗಿ ಹೋಗಿದೆ. ಹೂವಿಲ್ಲದಾಗ ಅದಕ್ಕೂ ನರ್ಸರಿಗಳಲ್ಲಿ ಸಿಗುವ ಒಂದು ಮಿಶ್ರತಳಿಗೂ ವ್ಯತ್ಯಾಸ ಕಾಣುವುದಿಲ್ಲ. ಹೂ ಬಿಟ್ಟರೆ ಮುಗಿಯಿತು. ಗುಡ್ಡದ್ದರ ಹೂ ಹಳದಿ, ನೆಟ್ಟಗೆ ನಿಲ್ಲುತ್ತದೆ, ಕೇಸರಗಳು ಬಾಯಿಂದ ಹೊರಗೆ ಚಾಚಿರುತ್ತವೆ.

ನೀವು ಕಳಿಸಿದ ನಕಲಿನಲ್ಲಿ ಮಿಶ್ರತಳಿಯ ಹೆಸರಿನ ಲೇಬಲ್ಲು ಒಂದಿದೆ. ಅದನ್ನು ನಾನು ನಂಬುವುದಿಲ್ಲ. ಏಕೆಂದು ನಿಮಗೆ ಗೊತ್ತು. ಅಣ್ಣ ತಾಯಿಗಿಡವನ್ನು ಇಟ್ಟುಕೊಳ್ಳದೆ ಇರುವವನಲ್ಲ. ಅದು ಗುಡ್ಡದ್ದೇ ಆದರೆ ರಜೆ ಹಾಕಿ ನಾನೇ ಬರುತ್ತೇನೆ. ಅದನ್ನು ಇನ್ನೊಬ್ಬರ ಕೈಯಲ್ಲಿ ಕಳಿಸುವುದು ಬೇಡ.

ಕಿರಿಯ

&nbsp;

ಆಗಸ್ಟ್ 12

ಕಿರಿಯನಿಗೆ,

ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾನು ಕೇಳದೆ ಇದ್ದದ್ದಕ್ಕೆ ಪುಟಗಟ್ಟಲೆ ಬಂತು.

ಏಕೆಂದು ನನಗೆ ಗೊತ್ತು, ಸರಿ. ಆ ಪೆಟ್ಟಿಗೆ ಕಟ್ಟುವಾಗ ದಾರದ ಗಂಟಿನ ಮೇಲೆ ಬೆರಳಿಟ್ಟವಳು ನಾನೇ. ಗುಡ್ಡಕ್ಕೆ ಯಂತ್ರ ಬರುತ್ತದೆಂದು ನಿಮ್ಮಣ್ಣನಿಗೆ ಯಾರೋ ಹೇಳಿದ್ದರು. ಹೊರದೇಶದ ತೋಟಗಳಲ್ಲಿ ಒಂದೊಂದು ಗಿಡ ಇದ್ದರೆ ವಂಶ ಉಳಿಯುತ್ತದೆ ಎಂದು ಅವರ ಲೆಕ್ಕ. ಪರವಾನಗಿಗೆ ಅರ್ಜಿ ಹಾಕಿ ವರ್ಷ ಕಳೆದಿತ್ತು, ಸುದ್ದಿಯೇ ಇರಲಿಲ್ಲ. ಕೊನೆಗೆ ಮರಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಮೇಲೆ ಆ ಮಿಶ್ರತಳಿಯ ಹೆಸರು ಬರೆದರು. ಸಿಕ್ಕಿಬಿದ್ದರೆ ಎಂದು ನಾನು ಹೆದರಿದೆ. "ಬಂದರಲ್ಲಿ ನಮ್ಮ ಕಿರಿಯ ಇದ್ದಾನೆ ಕಣೇ, ಅವನು ನೋಡ್ಕೋತಾನೆ" ಅಂದರು.

ನೀನು ನೋಡಿಕೊಂಡೆ. ಪೆಟ್ಟಿಗೆಯನ್ನು ಕಚೇರಿಯ ಒಲೆಗೆ ಹಾಕಿದೆ, ಮೇಲಕ್ಕೆ ವರದಿ ಬರೆದೆ. ನರ್ಸರಿಯ ಬಾಗಿಲು ಮುಚ್ಚಿತು. ಅವರು ನಿನ್ನನ್ನು ಒಂದು ಬಾರಿಯೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಣ್ಣನಿಗೆ ಸಿಗದ ರಜೆ ಗಿಡಕ್ಕೆ ಸಿಗುತ್ತದೆ ಎಂದು ತಿಳಿದುಕೊಂಡೆ. ನಲವತ್ತಕ್ಕೆ ಹೂವಿಲ್ಲ. ಬಂದರೆ ತಿಳಿಸುತ್ತೇನೆ.

ಅತ್ತಿಗೆ

&nbsp;

ಆಗಸ್ಟ್ 30

ಅತ್ತಿಗೆಗೆ,

ಅದೇ ಪೆಟ್ಟಿಗೆ ನಾಳೆ ಬಂದರೂ ನಾನು ಅದನ್ನೇ ಮಾಡುತ್ತೇನೆ. ಅಣ್ಣ ತಮ್ಮ ಎಂದು ಒಂದು ಪೆಟ್ಟಿಗೆ ಬಿಟ್ಟವನು ಹತ್ತು ಪೆಟ್ಟಿಗೆ ಬಿಡುತ್ತಾನೆ. ಗುಡ್ಡಗಳನ್ನು ಬೋಳು ಮಾಡಿ ಮೂಟೆ ಕಟ್ಟುವವರ ಪೆಟ್ಟಿಗೆಗಳನ್ನು ನಾನು ದಿನಾ ಬಿಚ್ಚುತ್ತೇನೆ. ಅವರೂ ವಂಶ ಉಳಿಸುವ ಮಾತನ್ನೇ ಆಡುತ್ತಾರೆ.

ಆದರೆ ಸುಟ್ಟ ದಿನ ಗುಡ್ಡ ಇತ್ತು. ಬೇಕಾದರೆ ನಾನೂ ಅಣ್ಣನೂ ಇನ್ನೊಮ್ಮೆ ಹತ್ತಿ ತರಬಹುದು ಎಂದುಕೊಂಡಿದ್ದೆ. ಮರುವರ್ಷ ಹೋದಾಗ ಅಲ್ಲಿ ನೀರು ನಿಂತ ಹಳ್ಳ ಇತ್ತು. ಅದನ್ನು ಅಣ್ಣನಿಗೆ ಹೇಗೆ ಹೇಳುವುದು ಎಂದು ತಿಳಿಯದೆ ಹಿಂದಿರುಗಿದೆ. ಆಮೇಲೆ ಅವನ ಮುಖ ನೋಡುವುದು ಆಗಲೇ ಇಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇದೇ. ರಜೆ ಇತ್ತು.

ನಲವತ್ತಕ್ಕೆ ನೀರು ಕಡಿಮೆ ಮಾಡಿ, ಬೆಳಗಿನ ಬಿಸಿಲಿಗೆ ಇಡಿ. ದಂಟು ಬೇಗ ಬರುತ್ತದೆ.

ಕಿರಿಯ

&nbsp;

ಸೆಪ್ಟೆಂಬರ್ 28

ಕಿರಿಯನಿಗೆ,

ನಿನ್ನ ಪತ್ರ ಓದಿದೆ. ನೀನು ಬರೆದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಿಜ ಬರೆದೆ, ಅಷ್ಟಕ್ಕೆ ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇದೆ.

ಹೆಚ್ಚಿನ ಕುಂಡಗಳಿಗೆ ಲೇಬಲ್ಲು ಮರಳಿ ಸೇರಿತು. ಸಸ್ಯೋದ್ಯಾನದ ಅಧಿಕಾರಿಣಿ ಬಂದು ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದಳು. "ಯಾರಮ್ಮ ಇದನ್ನೆಲ್ಲ ಗುರುತು ಹಿಡಿದದ್ದು?" ಎಂದಳು. ನನ್ನ ಮೈದುನ ಎಂದೆ. ಸಾನ್ಸೆವೇರಿಯಾಗಳ ಹೊಸ ಹೆಸರನ್ನು ನೀನು ಹೇಳಿದಂತೆ ಹಿಂಬದಿಗೆ ಬರೆದಿದ್ದೇನೆ. ಮದುವೆಯಾದ ಮೇಲೆ ನನ್ನ ಹೆಸರನ್ನು ಬದಲಿಸಲು ನಿಮ್ಮಮ್ಮ ನೋಡಿದ್ದು, ನಾನು ಓಗೊಡದೆ ಇದ್ದದ್ದು ನೆನಪಾಯಿತು.

ಈಗೀಗ ಬಸ್ಸಿನಲ್ಲಿ ಕೂತರೂ ಕಂಡವರ ಕಿಟಕಿಯ ಕುಂಡಗಳನ್ನೇ ನೋಡುತ್ತೇನೆ. ಇದು ಕ್ರಾಸುಲಾ, ಅದು ಎಕಿವೇರಿಯಾ, ಇದಕ್ಕೆ ಬಿಸಿಲು ಸಾಲದೆ ಕತ್ತು ಉದ್ದವಾಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಇದನ್ನು ಯಾರಿಗಾದರೂ ಹೇಳೋಣವೆಂದರೆ ಮನೆಗೆ ಬಂದರೆ ಗೋಡೆ. ಅವರಿದ್ದಾಗ ಕಲಿತಿದ್ದರೆ ಇಬ್ಬರಿಗೂ ಮಾತಿಗೆ ಒಂದು ವಿಷಯವಾದರೂ ಇರುತ್ತಿತ್ತು.

ನಲವತ್ತರಲ್ಲಿ ದಂಟು ಬಂದಿದೆ. ಎಲೆಗಳ ಸಂದಿನಿಂದ, ಪಕ್ಕಕ್ಕೆ ವಾಲಿಕೊಂಡು. ಮೊಗ್ಗುಗಳು ಇನ್ನೂ ಹಸಿರು.

ನಿನ್ನ ಅತ್ತಿಗೆ

&nbsp;

ಅಕ್ಟೋಬರ್ 15

ಕಿರಿಯನಿಗೆ,

ನಲವತ್ತು ಹೂ ಬಿಟ್ಟಿತು. ಹೂ ಹಳದಿ. ನೆಟ್ಟಗೆ ನಿಂತಿದೆ. ಕೇಸರಗಳು ಬಾಯಿಂದ ಹೊರಗೆ ಚಾಚಿವೆ.

ಯಾವಾಗ ಬರುತ್ತೀಯ? ನಿಮ್ಮಣ್ಣನ ಕೋಣೆಯನ್ನು ಗುಡಿಸಿ ಹಾಸಿಗೆ ಹಾಸಿದ್ದೇನೆ.

ನಿನ್ನ ಅತ್ತಿಗೆ

&nbsp;

ಅಕ್ಟೋಬರ್ 23

ಅತ್ತಿಗೆಗೆ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ನಿಂತೇ ಓದಿದೆ. ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು. ಏನೂ ಇಲ್ಲ ಎಂದು ಹೊರಗೆ ಹೋಗಿ, ಸುಡುವ ಒಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಎಂಟು ವರ್ಷಗಳಲ್ಲಿ ಇಷ್ಟು ಸಂತೋಷ ಆದದ್ದಿಲ್ಲ. ಅಣ್ಣ ಉಳಿಸಿಕೊಂಡಿದ್ದ. ಪೆಟ್ಟಿಗೆಯ ಮೇಲೆ ಸುಳ್ಳು ಬರೆದ ಹಾಗೆ ಕುಂಡದ ಮೇಲೂ ಸುಳ್ಳು ಬರೆದು ಎಲ್ಲರ ಕಣ್ಣಿಗೂ ಮಣ್ಣೆರಚಿ ಉಳಿಸಿಕೊಂಡಿದ್ದ. ಆ ಸುಳ್ಳಿಗೆ ಅವನ ಕಾಲು ಹಿಡಿಯಬೇಕು ಎನ್ನಿಸಿತು.

ರಜೆಗೆ ಅರ್ಜಿ ಕೊಟ್ಟಿದ್ದೇನೆ. ನವೆಂಬರ್ ಎರಡನೆಯ ವಾರ ಬರುತ್ತೇನೆ.

ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ಮೊದಲಿನಿಂದ ಇನ್ನೊಮ್ಮೆ ಓದಿದೆ. ಗೊರಸು, ಸತ್ತ ಇಲಿ, ಸೀಮೆಸುಣ್ಣದ ಚುಕ್ಕೆ. ಪ್ರತಿಯೊಂದೂ ನಿಮ್ಮ ಮಾತಿನಲ್ಲಿದೆ. ಈ ಹೂವೊಂದು ಮಾತ್ರ ನನ್ನ ಮಾತಿನಲ್ಲಿದೆ. ನಾನು ಹೇಳಿದ ಮೂರು ಸಂಗತಿಗಳು, ನಾನು ಹೇಳಿದ ಕ್ರಮದಲ್ಲೇ. ತಪ್ಪು ನನ್ನದು. ನೋಡುವವರಿಗೆ ಏನು ಕಾಣಬೇಕೆಂದು ಮೊದಲೇ ಹೇಳಬಾರದು. ಕಚೇರಿಗೆ ಹೊಸದಾಗಿ ಬರುವವರಿಗೆಲ್ಲ ನಾನು ಮೊದಲ ದಿನ ಕಲಿಸುವ ಪಾಠ ಅದೇ, ಆಸೆಯಲ್ಲಿ ನಾನೇ ಅದನ್ನು ಮರೆತೆ.

ಒಂದು ಹೂವನ್ನು ಕಾಗದದ ನಡುವೆ ಒತ್ತಿ ಕಳಿಸಿ. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ.

ಕಿರಿಯ

&nbsp;

ನವೆಂಬರ್ 1

ಹೂ ಇದರೊಳಗಿದೆ. ದಂಟಿನ ಕೆಳಗಿನಿಂದ ಎರಡನೆಯದು.

ಅತ್ತಿಗೆ

&nbsp;

ನವೆಂಬರ್ 9

ಅತ್ತಿಗೆಗೆ,

ಹೂ ಮುರಿಯದೆ ತಲುಪಿತು. ಒಣಗಿದ ಹೂವಿನ ಬಣ್ಣವನ್ನು ನೆಚ್ಚಲಾಗದು, ಆದರೆ ಆಕಾರ ಸುಳ್ಳು ಹೇಳುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗಲು ಬಿಟ್ಟು, ಸೂಜಿಯಿಂದ ಬಿಡಿಸಿ, ಭೂತಗನ್ನಡಿಯ ಕೆಳಗೆ ನೋಡಿದೆ. ಬುಡದಲ್ಲಿ ಸಣ್ಣ ಹೊಟ್ಟೆಯಂತೆ ಉಬ್ಬಿದೆ. ತೊಟ್ಟು ಬಾಗಿದೆ, ಎಂದರೆ ಹೂ ಜೋತುಬಿದ್ದಿತ್ತು. ಕೇಸರಗಳು ಬಾಯಿಯ ಒಳಗೇ ನಿಂತಿವೆ, ಅವುಗಳಲ್ಲಿ ಪರಾಗವೂ ಸರಿಯಾಗಿ ಕಟ್ಟಿಲ್ಲ. ನಲವತ್ತನೆಯ ಕುಂಡದ್ದು ಮಿಶ್ರತಳಿ. ಯಾವ ನರ್ಸರಿಯಲ್ಲಾದರೂ ಸಿಗುತ್ತದೆ.

ಅಣ್ಣ ಬರೆದ ಲೇಬಲ್ಲು ನಿಜವೇ ಆಗಿತ್ತು. ಒಮ್ಮೆ ಸುಳ್ಳು ಬರೆದ ಎಂದು ಅವನ ಕೈಬರಹವನ್ನೇ ನಾನು ನಂಬಲಿಲ್ಲ. ಆ ಪೆಟ್ಟಿಗೆಯ ನಂತರ ಅವನು ಇನ್ನೆಂದೂ ತಪ್ಪು ಹೆಸರು ಬರೆದಿಲ್ಲ ಎಂದು ಕಾಣುತ್ತದೆ. ಆ ಲೇಬಲ್ಲನ್ನು ಅದರಲ್ಲೇ ಚುಚ್ಚಿ.

ಗುಡ್ಡದ್ದು ಈಗ ಎಲ್ಲೂ ಇಲ್ಲ. ಕೊನೆಯವು ಆ ಪೆಟ್ಟಿಗೆಯಲ್ಲಿದ್ದವು.

ರಜೆಯ ಅರ್ಜಿ ಹಿಂತೆಗೆದುಕೊಂಡೆ. ಉದ್ಯಾನದವರು ಬಂದಾಗ ನಾನಿರಬೇಕಾದ ಅಗತ್ಯವಿಲ್ಲ, ನೀವೇ ಎಲ್ಲವನ್ನೂ ಬಲ್ಲಿರಿ. ನೀವು ಏಕೆ ಹಾಗೆ ಬರೆದಿರಿ ಎಂದು ನಾನು ಕೇಳುವುದಿಲ್ಲ.

ಕಿರಿಯ

&nbsp;

ನವೆಂಬರ್ 20

ಕಿರಿಯನಿಗೆ,

ಕೇಳದಿದ್ದರೂ ಹೇಳುತ್ತೇನೆ. ಹೂ ಹಳದಿಯಲ್ಲ ಎಂದು ನನಗೆ ಗೊತ್ತಿತ್ತು. ಕಿತ್ತಳೆ ಕೆಂಪು, ತುದಿಯಲ್ಲಿ ಹಸಿರು, ತಲೆ ತಗ್ಗಿಸಿಕೊಂಡಿತ್ತು. ಬಹಳ ಹೊತ್ತು ಅದರ ಮುಂದೆ ಕೂತು, ಕೆಳಗೆ ಬಂದು, ಹಳದಿ ಎಂದು ಬರೆದೆ. ನಿಮ್ಮಣ್ಣ ಸಾಯುತ್ತಿದ್ದಾರೆ ಎಂದರೆ ನೀನು ಬರಲಿಲ್ಲ, ನಾನು ಒಬ್ಬಳಿದ್ದೇನೆ ಎಂದರೂ ಬರಲಿಲ್ಲ. ಗಿಡವಿದ್ದರೆ ಬರುತ್ತೇನೆ ಎಂದೆ. ಅದಕ್ಕೇ ನಿನಗೊಂದು ಗಿಡ ಕೊಟ್ಟೆ. ನೀನು ಬಂದು, ನೋಡಿ, ನನ್ನನ್ನು ಬೈದಿದ್ದರೂ ಸರಿ, ಅಷ್ಟು ಹೊತ್ತಿಗೆ ನೀನು ಮನೆಯೊಳಗೆ ಇರುತ್ತಿದ್ದೆ. ಎದುರಿಗೆ ಕೂತು ಒಂದು ಹೊತ್ತು ಉಣ್ಣುತ್ತಿದ್ದೆ. ಹೂ ಕಳಿಸು ಎಂದಾಗ ಬಾಡಿಹೋಯಿತು ಎಂದು ಬರೆಯಬಹುದಿತ್ತು. ಕೈ ಬರಲಿಲ್ಲ.

ಗುಡ್ಡದ ತಾಯಿಗಿಡ ಏನಾಯಿತೆಂದು ನಿನ್ನ ಪತ್ರ ಓದಿದ ಮೇಲೆ ಹೊಳೆಯಿತು. ನರ್ಸರಿ ಮುಚ್ಚಿದ ಮರುವರ್ಷ ನಿಮ್ಮಣ್ಣ ಒಂದು ಖಾಲಿ ಕುಂಡಕ್ಕೆ ನೀರು ಹಾಕುತ್ತಿದ್ದರು. ಬರೀ ಮಣ್ಣಿಗೆ, ಇಡೀ ಬೇಸಿಗೆ. "ಇದೇನ್ರೀ, ಮಣ್ಣಿಗೆ ನೀರು ಹಾಕ್ತಿದ್ದೀರಿ?" ಎಂದು ಕೇಳಿದ್ದಕ್ಕೆ "ಬೇರು ಇದ್ರೂ ಇರಬಹುದು" ಅಂದರು. ಮಳೆ ಬಂದ ಮೇಲೆ ಆ ಕುಂಡವನ್ನು ತೊಳೆದು ಬೋರಲು ಹಾಕಿದರು. ಅವತ್ತು ಊಟ ಮಾಡಲಿಲ್ಲ. ಅದು ಯಾವ ಗಿಡವೆಂದು ನಾನು ಕೇಳಲಿಲ್ಲ, ಕಳ್ಳಿ ತಾನೇ ಎಂದುಕೊಂಡೆ.

ನಿನ್ನೆ ಉದ್ಯಾನದ ವ್ಯಾನು ಬಂದು ಎಲ್ಲವನ್ನೂ ಒಯ್ದಿತು. ನಲವತ್ತನ್ನು ಮಾತ್ರ ಬಿಟ್ಟರು, ಅವರಲ್ಲಿ ಬೇಕಾದಷ್ಟಿವೆಯಂತೆ. ನಾನು ಮೂವತ್ತರಂದು ನನ್ನ ಅಕ್ಕನ ಊರಿಗೆ ಹೋಗುತ್ತೇನೆ. ನಿನ್ನನ್ನು ಇನ್ನು ಕರೆಯುವುದಿಲ್ಲ, ಕಿರಿಯ. ಕರೆದು ಕರೆದು ನನಗೇ ನಾಚಿಕೆಯಾಗಿದೆ.

ಅತ್ತಿಗೆ

&nbsp;

ಡಿಸೆಂಬರ್ 2

ಅತ್ತಿಗೆ,

ನಿಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಪತ್ರ ಬಂದಾಗ ಒಡೆಯಲು ಧೈರ್ಯವಾಗಲಿಲ್ಲ. ಮೇಜಿನ ಮೇಲೆ ಹಾಗೆಯೇ ಇಟ್ಟಿದ್ದೆ. ಕೊನೆಗೆ ಓದಿದ ದಿನವೇ ಹೊರಟೆ, ಯಾರಿಗೂ ಹೇಳದೆ, ಅರ್ಜಿಯನ್ನೂ ಕೊಡದೆ. ಆದರೂ ತಡವಾಯಿತು.

ಮನೆಗೆ ಬೀಗ ಇತ್ತು. ತಾರಸಿಯ ಬಾಗಿಲು ತೆರೆದಿತ್ತು. ಮೇಲೆ ಹೋದೆ. ನೆಲದ ತುಂಬ ಕುಂಡಗಳಿದ್ದ ಕಡೆ ದುಂಡನೆಯ ಕಲೆಗಳು ಉಳಿದಿವೆ. ಎಲ್ಲಿ ದೊಡ್ಡದಿತ್ತು, ಎಲ್ಲಿ ಚಿಕ್ಕದಿತ್ತು ಎಂದು ತಿಳಿಯುತ್ತದೆ, ಅಷ್ಟೇ. ಅಣ್ಣ ಕೂರುತ್ತಿದ್ದ ಮಣೆ ಗೋಡೆಗೆ ಒರಗಿತ್ತು. ಅದರ ಮೇಲೆ ಕೂತು ಅತ್ತೆ. ಅವನು ಸತ್ತಾಗ ನಾನು ಅತ್ತಿರಲಿಲ್ಲ.

ಕೆಳಗೆ ದರ್ಜಿ ನಲವತ್ತನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡಿದ್ದಾನೆ. "ಅಮ್ಮ ಹೋಗೋ ಮುಂಚೆ ಎರಡು ದಿನ ಬಾಗಿಲ ಹತ್ರಾನೇ ಕೂತಿದ್ರು ಸಾರ್, ಬಸ್ಸು ಬಂದಾಗೆಲ್ಲ ಎದ್ದು ನೋಡೋರು" ಅಂದ. ನಿಮ್ಮ ವಿಳಾಸ ಕೇಳಿದೆ. ಅವನು ನೂಲು ಪೋಣಿಸುತ್ತ ತಲೆ ಎತ್ತದೆ ಹೇಳಿದ: "ನೀವು ಬಂದ್ರೆ ಕೊಡಬೇಡ ಅಂದಿದ್ದಾರೆ. ಕಾಗದ ಬರೆದುಕೊಡಿ, ತಲುಪಿಸ್ತೀನಿ." ನಾನು ಒತ್ತಾಯ ಮಾಡಲಿಲ್ಲ. ಕೊಡಬೇಡ ಎನ್ನುವ ಹಕ್ಕು ನಿಮಗಿದೆ.

ಬಸ್ ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಕೋಣೆ ಹಿಡಿದಿದ್ದೇನೆ. ಕೆಲಸಕ್ಕೆ ಯಾವಾಗ ಹಿಂದಿರುಗುತ್ತೇನೋ ಗೊತ್ತಿಲ್ಲ. ನೀವು ಬರಬೇಕಿಲ್ಲ. ನಾನು ಬರಬಹುದೇ ಎಂದು ಮಾತ್ರ ದರ್ಜಿಗೆ ತಿಳಿಸಿ, ಬೇಡವೆಂದರೆ ಬೇಡವೆಂದೇ ತಿಳಿಸಿ. ಅಣ್ಣನ ವಿಷಯ ಮಾತಾಡೋಣವೆಂದರೆ ನನಗೂ ನಿಮ್ಮನ್ನು ಬಿಟ್ಟು ಇನ್ನು ಯಾರೂ ಇಲ್ಲ.

ಕಿರಿಯ